ಮೂತಿ ಸಿಗದ ರಾಜ

ರಾಜಾಸಾರಸ್ ಅಂತ ಒಂದು ಡೈನೋಸಾರ್ ಇತ್ತು. ಮಾಂಸ ತಿನ್ನುವ ಜಾತಿ, ಅಪ್ಪಟ ನಮ್ಮ ದೇಶದ್ದು. ಮೊಬೈಲಿನಲ್ಲಿ ಹುಡುಕಿ ನೋಡಿ, ಹಣೆ ಮೇಲೆ ಮೋಟು ಕೊಂಬು, ಬಾಯಿತುಂಬ ಹಲ್ಲು ಇರುವ ಚಿತ್ರಗಳು ಬೇಕಾದಷ್ಟು ಬರುತ್ತವೆ. ಒಬ್ಬರು ಹಸಿರು ಬಣ್ಣ ಬಳಿದಿದ್ದರೆ ಇನ್ನೊಬ್ಬರು ಇಟ್ಟಿಗೆ ಬಣ್ಣ ಬಳಿದಿರುತ್ತಾರೆ. ಮಕ್ಕಳು ಅದನ್ನು ಯಾರೋ ನಿಂತು ತೆಗೆದ ಫೋಟೊ ಅಂತಲೇ ನೋಡುತ್ತವೆ. ಮಕ್ಕಳೇನು ಬಂತು, ದೊಡ್ಡವರೂ ಅಷ್ಟೇ.

ವಿಜ್ಞಾನಿಗಳ ಕೈಗೆ ನಿಜವಾಗಿ ಸಿಕ್ಕಿದ್ದು ಇಷ್ಟು: ತಲೆಬುರುಡೆಯ ಹಿಂಭಾಗ, ಅಂದರೆ ಮಿದುಳು ಕೂತಿದ್ದ ಗೂಡು. ಅದರ ಮುಂದೆ ಹಣೆಯ ತುಂಡು, ಆ ತುಂಡಿನ ಮೇಲೆ ಗಿಡ್ಡದೊಂದು ಕೊಂಬು. ಒಂದಿಷ್ಟು ಬೆನ್ನುಮೂಳೆ, ಸೊಂಟದ ಮೂಳೆ, ಹಿಂಗಾಲಿನ ಮೂಳೆ, ಬಾಲದ ಕೆಲವು ಗೆಣ್ಣುಗಳು. ಮುಗೀತು. ಮೂತಿ ಇಲ್ಲ. ಚಿತ್ರದಲ್ಲಿ ನಮ್ಮನ್ನು ಹೆದರಿಸುವ ಆ ಬಾಯಿ ಈ ಪ್ರಾಣಿಯದ್ದು ಸಿಕ್ಕೇ ಇಲ್ಲ. ಅದನ್ನು ಬರೆದವರು ಇದರ ನೆಂಟರ ಮುಖ ನೋಡಿ ಬರೆದಿದ್ದಾರೆ. ಮಡಗಾಸ್ಕರ್‌ನಲ್ಲಿ ಮಜುಂಗಾಸಾರಸ್ ಅಂತ ಒಂದು, ಅರ್ಜೆಂಟೀನಾದಲ್ಲಿ ಕಾರ್ನೋಟಾರಸ್ ಅಂತ ಇನ್ನೊಂದು ಸಿಕ್ಕಿವೆ. ಒಂದೇ ಮನೆತನ. ಅವುಗಳ ಮೂತಿ ಮೋಟು, ಮುಂಗೈಗಳು ಇನ್ನೂ ಮೋಟು. ಹಾಗಾಗಿ ನಮ್ಮದೂ ಹಾಗೇ ಇದ್ದೀತು ಅನ್ನುವ ಲೆಕ್ಕ. ತೀರಿಹೋದ ಮುತ್ತಜ್ಜನ ಫೋಟೊ ಇಲ್ಲ ಅಂತ ಅವರ ತಮ್ಮನ ಫೋಟೊ ಇಟ್ಟುಕೊಂಡು ಚಿತ್ರ ಬರೆಸುತ್ತಾರಲ್ಲ, ಹಾಗೆ.

ನನಗೆ ಈ ಪ್ರಾಣಿ ಮೇಲೆ ಯಾಕೆ ಇಷ್ಟು ಮಮತೆ ಅಂತ ಆಮೇಲೆ ಹೇಳ್ತೀನಿ. ಮೊದಲು ಅದು ಸಿಕ್ಕಿದ ಕಥೆ ಕೇಳಿ.

ಗುಜರಾತಿನಲ್ಲಿ ಬಾಲಾಸಿನೋರ್ ಅಂತ ಊರಿದೆ, ಅಹಮದಾಬಾದಿನಿಂದ ಒಂದೆರಡು ಗಂಟೆ ದಾರಿ. ಅದರ ಪಕ್ಕದ ಹಳ್ಳಿ ರಾಹಿಯೋಲಿ. ಅಲ್ಲಿ ಸಿಮೆಂಟಿಗೆ ಸುಣ್ಣಕಲ್ಲು ತೆಗೆಯುವ ಕ್ವಾರಿ ಇತ್ತು. 1981ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಇಬ್ಬರು ಅಧಿಕಾರಿಗಳು, ದ್ವಿವೇದಿ ಮತ್ತು ಮೊಹಬೆ, ನಕ್ಷೆ ಕೆಲಸಕ್ಕೆ ಆ ಕಡೆ ಹೋಗಿದ್ದರು. ಕ್ವಾರಿಯ ಕೂಲಿಯಾಳುಗಳು ಅವರ ಕೈಗೆ ಒಂದಿಷ್ಟು ಗುಂಡು ಕಲ್ಲುಗಳನ್ನು ತಂದುಕೊಟ್ಟರು. ನೋಡಿದರೆ ಡೈನೋಸಾರ್ ಮೊಟ್ಟೆಗಳು. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಜಾಗ ಇದು. ಆ ಆಳುಗಳ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಕಲ್ಲಿಗೆ ಸುತ್ತಿಗೆ ಹಾಕಿ ಲಾರಿಗೆ ತುಂಬಿ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇದೇನೋ ಬೇರೆ ಥರ ಇದೆಯಲ್ಲ ಅಂತ ತೆಗೆದಿಟ್ಟರು ನೋಡಿ, ಅಲ್ಲಿಂದ ಶುರು.

ಆಮೇಲೆ ಅದೇ ಇಲಾಖೆಯ ಸುರೇಶ್ ಶ್ರೀವಾಸ್ತವ ಅನ್ನುವವರು 1982ರಿಂದ 84ರವರೆಗೆ ಅಲ್ಲಿ ಮೂಳೆಗಳನ್ನು ಅಗೆದು ತೆಗೆದರು. ತೆಗೆಯುವ ಮೊದಲು ಒಂದು ಕೆಲಸ ಮಾಡಿದರು. ಯಾವ ಮೂಳೆ ಎಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಅಂತ ಒಂದೊಂದನ್ನೂ ಗುರುತು ಹಾಕಿ ನಕ್ಷೆ ಬರೆದರು. ಮೂಳೆಗಳು ಪೆಟ್ಟಿಗೆ ಸೇರಿ ಜೈಪುರದ ಕಚೇರಿಗೆ ಹೋದವು. ಹದಿನೆಂಟು ವರ್ಷಗಟ್ಟಲೆ ಸರಿಯಾಗಿ ಯಾರೂ ಕೂತು ಜೋಡಿಸಲಿಲ್ಲ. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಮತ್ತು ಪಾಲ್ ಸೆರೆನೊ ಅಂತ ಇಬ್ಬರು ವಿಜ್ಞಾನಿಗಳು ಬಂದು ನೋಡಿದರು. ರಾಶಿಯಲ್ಲಿ ನೂರಾರು ಮೂಳೆ, ಹಲವು ಪ್ರಾಣಿಗಳದ್ದು ಕಲೆತುಹೋಗಿವೆ. ಯಾವುದು ಯಾರದ್ದು? ಆಗ ಕೈಹಿಡಿದಿದ್ದು ಶ್ರೀವಾಸ್ತವರ ಆ ನಕ್ಷೆ. ಸೊಂಟದ ಮೂಳೆಯ ಸುತ್ತ ಏನೇನು ಇತ್ತು, ತಲೆಯ ತುಂಡು ಎಷ್ಟು ದೂರದಲ್ಲಿತ್ತು ಅಂತ ಹಾಳೆ ಮೇಲೆ ಬೆರಳಿಟ್ಟು ನೋಡುತ್ತಾ ಹೋದರೆ ಒಂದೇ ಪ್ರಾಣಿಯ ಮೂಳೆಗಳು ಒಂದಕ್ಕೊಂದು ಕೂಡಿಕೊಂಡವು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ ಅವರೂ ಆ ತಂಡದಲ್ಲಿದ್ದರು. 2003ರ ಆಗಸ್ಟ್‌ನಲ್ಲಿ ಹೆಸರಿಟ್ಟರು: ರಾಜಾಸಾರಸ್ ನರ್ಮದೆನ್ಸಿಸ್. ನರ್ಮದೆ ಸೀಮೆಯ ರಾಜ ಹಲ್ಲಿ ಅಂತ ಅರ್ಥ ಮಾಡಿಕೊಳ್ಳಿ.

ನಕ್ಷೆ ಇಲ್ಲದಿದ್ದರೆ ರಾಜ ಇಲ್ಲ, ಬರೀ ಮೂಳೆ ರಾಶಿ. ಬೇಸಾಯದ ಮನೆಯಲ್ಲಿ ಪಹಣಿ, ಪೋಡಿ, ಸ್ಕೆಚ್ಚು ಅಂತ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾತ್ರದಲ್ಲಿ ಇದು ಮಧ್ಯಮ. ಮೊದಲು 7.6 ಮೀಟರಿನಿಂದ 9 ಮೀಟರ್ ಉದ್ದ ಇರಬಹುದು ಅಂದಿದ್ದರು. ಆಮೇಲೆ ಅದರ ನೆಂಟರ ಅಳತೆಗಳ ಜೊತೆ ಹೋಲಿಸಿ ಲೆಕ್ಕ ಹಾಕಿದವರು 6.6 ಮೀಟರಿಗೆ ಇಳಿಸಿದರು. ಸುಮಾರು 22 ಅಡಿ. ಸಿನಿಮಾದಲ್ಲಿ ಬರುವ ಟಿರಾನೊಸಾರಸ್ 12 ಮೀಟರ್. ಅದರ ಮುಂದೆ ನಮ್ಮದು ಚಿಕ್ಕದೇ. ಆದರೆ ನಮ್ಮೂರಿನಿಂದ ಕೆ.ಆರ್. ನಗರಕ್ಕೆ ಹೋಗುವ ಬಸ್ಸಿನ ಅರ್ಧಕ್ಕಿಂತ ಉದ್ದದ ಪ್ರಾಣಿ ಎದುರು ನಿಂತರೆ, ಇದು ಮಧ್ಯಮ ಗಾತ್ರದ್ದು ಬಿಡಿ ಅಂತ ಯಾರೂ ಸಮಾಧಾನ ಮಾಡಿಕೊಳ್ಳುವುದಿಲ್ಲ.

ಅದೇ ರಾಹಿಯೋಲಿಯಲ್ಲಿ ಇನ್ನೊಂದು ಮಾಂಸಾಹಾರಿಯೂ ಸಿಕ್ಕಿದೆ. ಕೊಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು 1995 ಮತ್ತು 97ರಲ್ಲಿ ಅಗೆದರು. (ಲೆಕ್ಕಶಾಸ್ತ್ರದ ಸಂಸ್ಥೆಗೆ ಡೈನೋಸಾರ್ ಯಾಕೆ ಅಂತ ನನಗೂ ಅನ್ನಿಸಿತ್ತು. ಮಹಲನೋಬಿಸ್ ಅವರು 1957ರಲ್ಲಿ ಲಂಡನ್ನಿನ ಪಮೇಲಾ ರಾಬಿನ್ಸನ್ ಅನ್ನುವ ವಿಜ್ಞಾನಿಯನ್ನು ಕರೆಸಿ ಅಲ್ಲಿ ಭೂವಿಜ್ಞಾನದ ವಿಭಾಗ ಕಟ್ಟಿಸಿದರು. ಆ ವಿಭಾಗದವರು ಗೋದಾವರಿ ಕೊಳ್ಳದಲ್ಲಿ ತೆಗೆದ ಬಾರಾಪಾಸಾರಸ್ ಅನ್ನುವ ಭಾರಿ ಡೈನೋಸಾರ್‌ನ ಹೆಸರಿನಲ್ಲಿ ರವೀಂದ್ರನಾಥ ಟ್ಯಾಗೋರರೂ ಇದ್ದಾರೆ, ಬಾರಾಪಾಸಾರಸ್ ಟ್ಯಾಗೋರಿ ಅಂತ. ಕವಿಗೆ ಇಂಥ ಗೌರವ ಬೇರೆಲ್ಲಾದರೂ ಸಿಕ್ಕಿದೆಯೋ ಏನೋ.) ರಾಹಿಯೋಲಿಯಲ್ಲಿ ಅವರು ತೆಗೆದ ಮೂಳೆಗಳಿಗೆ 2010ರಲ್ಲಿ ರಾಹಿಯೋಲಿಸಾರಸ್ ಅಂತ ಹೆಸರಾಯಿತು. ಹಳ್ಳಿ ಹೆಸರೇ ಪ್ರಾಣಿಗೆ. ರಾಜಾಸಾರಸ್‌ಗಿಂತ ಮೈಕಟ್ಟು ಸ್ವಲ್ಪ ತೆಳು.

ಅಲ್ಲಿ ಕನಿಷ್ಠ ಏಳು ಪ್ರಾಣಿಗಳ ಮೂಳೆ ಇದ್ದವು ಅಂತ ಬರೆದಿದ್ದಾರೆ. ಒಂದೂ ಪೂರ್ತಿ ಇಲ್ಲ, ಎಲ್ಲ ಬಿಡಿಬಿಡಿ. ಹಾಗಿದ್ದರೆ ಏಳು ಅಂತ ಹೇಗೆ ಗೊತ್ತಾಯಿತು? ಮೊಣಕಾಲ ಕೆಳಗಿನ ಮೂಳೆ, ಅದೂ ಬಲಗಾಲಿನದ್ದು, ಏಳು ಸಿಕ್ಕಿದ್ದವು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ ಅಂದುಕೊಳ್ಳಿ. ನಾಯಿ ಕೆಲವನ್ನು ಎಳಕೊಂಡು ಹೋಗಿದೆ. ಉಳಿದಿದ್ದರಲ್ಲಿ ಬಲಗಾಲಿನವು ಏಳು ಇದ್ದರೆ ಒಳಗೆ ಏಳು ಜನಕ್ಕೆ ಕಡಿಮೆ ಇಲ್ಲ ತಾನೇ? ಅಷ್ಟೇ ಲೆಕ್ಕ. ಹೆಚ್ಚು ಇರಬಹುದು, ಕಡಿಮೆ ಇರಲಾರದು. ಈ ವಿದ್ಯೆಯಲ್ಲಿ ನನಗೆ ಇಷ್ಟವಾದದ್ದು ಈ ಮಿತವಾದ ಮಾತು. ಕೈಯಲ್ಲಿರುವ ಏಳು ಮೂಳೆಗೆ ಏಳೇ ಅನ್ನುತ್ತಾರೆ, ಎಂಟು ಅನ್ನುವುದಿಲ್ಲ.

ಇಷ್ಟೆಲ್ಲ ನನಗೆ ತಲೆಗೆ ಹತ್ತಿಸಿದವಳು ನನ್ನ ತಮ್ಮನ ಮಗಳು. ಹೋದ ಡಿಸೆಂಬರ್‌ನಲ್ಲಿ ದ್ವಾರಕೆ, ಸೋಮನಾಥ ಅಂತ ಮನೆಯವರೆಲ್ಲ ಯಾತ್ರೆ ಹೊರಟಾಗ, "ಅತ್ತೆ, ಅಹಮದಾಬಾದಿಂದ ಒಂದು ದಿನ ಬಾಲಾಸಿನೋರಿಗೆ ಹೋಗೋಣ, ನಾನು ಏನೂ ಶಾಪಿಂಗ್ ಕೇಳಲ್ಲ" ಅಂದಳು. ಹದಿನೇಳು ವರ್ಷದ ಹುಡುಗಿ ಶಾಪಿಂಗ್ ಬೇಡ ಅಂದರೆ ಅದು ಸಣ್ಣ ವಿಷಯ ಅಲ್ಲ. ತಮ್ಮ ಗೊಣಗಿದ, ಹೋದೆವು.

ರಾಹಿಯೋಲಿಯಲ್ಲಿ ಈಗ ಬೇಲಿ ಹಾಕಿ ಉದ್ಯಾನ ಮಾಡಿದ್ದಾರೆ, 2019ರಲ್ಲಿ ಮ್ಯೂಸಿಯಂ ಕೂಡ ಶುರುವಾಗಿದೆ. ಮ್ಯೂಸಿಯಂನ ಬೊಂಬೆಗಳ ವಿಷಯ ನಾನು ಬರೆಯುವುದಿಲ್ಲ, ಬೊಂಬೆ ಎಲ್ಲಾ ಕಡೆ ಇರುತ್ತೆ. ಹೊರಗಿನ ಆ ಕುರುಚಲು ಬಯಲು ನೋಡಬೇಕು. ಕಾಲಡಿಯ ಬಂಡೆಯಲ್ಲಿ ದುಂಡುದುಂಡಗೆ ಮೊಟ್ಟೆಗಳ ಗುರುತು, ಒಡೆದ ತೆಂಗಿನಚಿಪ್ಪನ್ನು ಗಾರೆಯಲ್ಲಿ ಹುದುಗಿಸಿಟ್ಟ ಹಾಗೆ. ಅವು ರಾಜಾಸಾರಸ್‌ನವಲ್ಲ, ಸೊಪ್ಪು ತಿನ್ನುವ ಉದ್ದ ಕತ್ತಿನ ದೈತ್ಯರವು. ರಾಜಾಸಾರಸ್‌ಗೆ ಬಹುಶಃ ಅವುಗಳ ಮರಿಗಳೇ ಊಟ.

ಬಾಲಾಸಿನೋರಿನ ಹಳೇ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಅನ್ನುವ ಹೆಣ್ಣುಮಗಳು ಈ ಜಾಗದ ಕಾವಲಿಗೆ ನಿಂತವರಲ್ಲಿ ಮೊದಲಿಗರು. ಬೇಲಿ ಬರುವ ಮೊದಲು ಬಂದವರೆಲ್ಲ ಒಂದೊಂದು ತುಂಡು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರಂತೆ. ಹಳ್ಳಿಯ ಅಜ್ಜಿಯೊಬ್ಬರು ಮಸಾಲೆ ಅರೆಯಲು ಇಟ್ಟುಕೊಂಡಿದ್ದ ಗುಂಡುಕಲ್ಲು ಡೈನೋಸಾರ್ ಮೊಟ್ಟೆಯಾಗಿತ್ತು ಅಂತ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಆ ಅಜ್ಜಿಯನ್ನು ನೋಡಿ ನಗುವವರು ನಗಲಿ. ನನಗಂತೂ ಅವರ ಕಣ್ಣು ಚೆನ್ನಾಗಿತ್ತು ಅನ್ನಿಸುತ್ತೆ. ಬಯಲಲ್ಲಿ ಸಾವಿರ ಕಲ್ಲಿರುವಾಗ ಕೈಗೆ ಒಗ್ಗುವ, ಸವೆಯದ ಕಲ್ಲನ್ನೇ ಹುಡುಕಿ ತಂದಿದ್ದಾರೆ.

ಅಲ್ಲಿ ಒಂದು ತಮಾಷೆ ಆಯಿತು. ಬಂಡೆಯಲ್ಲಿ ಕಾಣುತ್ತಿದ್ದ ಮೂಳೆಯ ಮೇಲೆ ಹುಡುಗಿ ಅಂಗೈ ಇಟ್ಟು ಕೂತಿದ್ದಳು. ಜೊತೆಯಲ್ಲಿ ಬಂದಿದ್ದ ನಮ್ಮ ಚಿಕ್ಕಮ್ಮನಿಗೆ ಎಪ್ಪತ್ತನಾಲ್ಕು ವರ್ಷ, ಮಡಿ ಮೈಲಿಗೆ ಬಿಟ್ಟವರಲ್ಲ. "ಯಾತ್ರೆಗೆ ಬಂದು ಎಲುಬು ಮುಟ್ತೀಯಲ್ಲೇ, ಸ್ನಾನ ಮಾಡದೆ ನನ್ನ ಹತ್ರ ಬರಬೇಡ" ಅಂದರು.

ಹುಡುಗಿ ಸಿಟ್ಟು ಮಾಡಿಕೊಳ್ಳಲಿಲ್ಲ. "ಇದು ಎಲುಬಲ್ಲ ಅಜ್ಜಿ. ಎಲುಬು ಯಾವತ್ತೋ ಹೋಯ್ತು. ಮಣ್ಣಲ್ಲಿ ಹೂತಾಗ ನೀರು ಇಳೀತಾ ಇಳೀತಾ, ನೀರಲ್ಲಿ ಕರಗಿದ್ದ ಖನಿಜ ಅದರ ಸಂದುಸಂದಲ್ಲಿ ಕೂತು ಕಲ್ಲಾಯ್ತು. ಆಕಾರ ಎಲುಬಿಂದು, ಮೈ ಕಲ್ಲಿಂದು" ಅಂದಳು. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ನಮ್ಮ ದೇವರಮನೆ ಸಂಪುಟದಲ್ಲಿ ಸಾಲಿಗ್ರಾಮ ಇದೆಯಲ್ಲ, ಅದೂ ಹೀಗೇ" ಅಂದುಬಿಟ್ಟಳು.

ಇಲ್ಲಿ ಓದುಗರಿಗೆ ಒಂದು ಮಾತು. ನಮ್ಮೂರ ಹೆಸರೇ ಸಾಲಿಗ್ರಾಮ. (ಉಡುಪಿ ಕಡೆಯದ್ದಲ್ಲ. ಆ ಸಾಲಿಗ್ರಾಮಕ್ಕೆ ಶಿವರಾಮ ಕಾರಂತರು ಇದ್ದರು ಅನ್ನುವ ಹೆಮ್ಮೆ ಇದೆ. ನಮ್ಮದು ಕೆ.ಆರ್. ನಗರದ ಪಕ್ಕದ್ದು, ರಾಮಾನುಜಾಚಾರ್ಯರು ಬಂದು ತಂಗಿದ್ದರು ಅಂತ ನಂಬುವ, ಶ್ರೀಪಾದ ತೀರ್ಥ ಇರುವ ಊರು.) ಹೀಗಾಗಿ ಸಾಲಿಗ್ರಾಮದ ಕಲ್ಲಿನ ವಿಷಯಕ್ಕೆ ಬಂದರೆ ಊರಿನ ಮರ್ಯಾದೆಗೇ ಬಂದ ಹಾಗೆ. ಆದರೆ ಹುಡುಗಿ ಹೇಳಿದ್ದು ನಿಜ. ಸಾಲಿಗ್ರಾಮ ಸಿಗುವುದು ನೇಪಾಳದ ಗಂಡಕಿ ನದಿಯಲ್ಲಿ, ಮುಕ್ತಿನಾಥದ ಕಡೆ. ಆ ಕರೀ ಗುಂಡುಕಲ್ಲಿನೊಳಗೆ ಕಾಣುವ ಚಕ್ರ ಅಮೋನೈಟ್ ಅನ್ನುವ ಸಮುದ್ರ ಜೀವಿಯ ಚಿಪ್ಪಿನ ಗುರುತು. ಸಮುದ್ರ ಜೀವಿ ಹಿಮಾಲಯಕ್ಕೆ ಹೇಗೆ ಹೋಯಿತು ಅಂದರೆ, ಆಗ ಹಿಮಾಲಯ ಇರಲಿಲ್ಲ. ಅಲ್ಲಿ ಸಮುದ್ರ ಇತ್ತು. ನಮ್ಮ ಭಾರತ ಮಡಗಾಸ್ಕರ್ ಪಕ್ಕದಿಂದ ಬಿಡಿಸಿಕೊಂಡು ಒಂದು ದ್ವೀಪದ ಹಾಗೆ ಉತ್ತರಕ್ಕೆ ತೇಲಿಕೊಂಡು ಬಂತು. ಏಷ್ಯಾಕ್ಕೆ ಗುದ್ದಿದಾಗ ನಡುವಿನ ಸಮುದ್ರದ ಕೆಸರೆಲ್ಲ ಮಡಚಿಕೊಂಡು ಮೇಲೆದ್ದಿತು. ಆ ಕೆಸರಿನೊಳಗಿನ ಚಿಪ್ಪುಗಳೇ ಈಗ ಗಂಡಕಿಯಲ್ಲಿ ಉರುಳುತ್ತಿವೆ.

ರಾಜಾಸಾರಸ್ ಬದುಕಿದ್ದದ್ದು ಭಾರತ ಹಾಗೆ ತೇಲುತ್ತಿದ್ದ ಕಾಲದ ಕೊನೆಕೊನೆಗೆ, ಸುಮಾರು 6 ಕೋಟಿ 70 ಲಕ್ಷ ವರ್ಷಗಳ ಹಿಂದೆ. ಸಾಲಿಗ್ರಾಮದ ಅಮೋನೈಟುಗಳದ್ದು ಹೆಚ್ಚುಕಡಿಮೆ 15 ಕೋಟಿ ವರ್ಷ. ಅಂದರೆ ರಾಜ ಗುಜರಾತಿನಲ್ಲಿ ಬೇಟೆಯಾಡುತ್ತಿದ್ದಾಗ ನಮ್ಮ ದೇವರಮನೆಯ ಕಲ್ಲು ಆಗಲೇ 8 ಕೋಟಿ ವರ್ಷ ಹಳೆಯದಾಗಿ ಸಮುದ್ರದ ತಳದಲ್ಲಿತ್ತು. ಅಮೋನೈಟ್ ವಂಶವೂ ಡೈನೋಸಾರ್‌ಗಳೂ ಮುಗಿದದ್ದು ಒಟ್ಟಿಗೇ, 6 ಕೋಟಿ 60 ಲಕ್ಷ ವರ್ಷದ ಹಿಂದೆ, ಮೆಕ್ಸಿಕೋ ಹತ್ತಿರ ಆ ಆಕಾಶದ ಬಂಡೆ ಬಿದ್ದಾಗ.

ಚಿಕ್ಕಮ್ಮ ಇದನ್ನೆಲ್ಲ ಸೆರಗು ತಲೆಗೆ ಹಾಕಿಕೊಂಡು ಬಿಸಿಲಲ್ಲಿ ನಿಂತು ಕೇಳಿದರು. ಎಲ್ಲಿ ಜಗಳ ಆಗುತ್ತೋ ಅಂತ ನಾನು ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದೆ. ಕೊನೆಗೆ ಅವರು ಕೇಳಿದ್ದು ಒಂದೇ: "ಹಾಗಾದ್ರೆ ಈ ನಿನ್ನ ರಾಜನಿಗಿಂತ ನಮ್ಮ ಸಾಲಿಗ್ರಾಮವೇ ಹಿರಿಯದು ಅನ್ನು." ಹೌದು ಅಜ್ಜಿ, ಎರಡರಷ್ಟು, ಅಂದಳು. "ಮತ್ತೆ!" ಅಂದು ಚಿಕ್ಕಮ್ಮ ಬಸ್ಸಿನ ಕಡೆ ನಡೆದರು. ಊರಿಗೆ ಬಂದ ಮೇಲೂ ಅಭಿಷೇಕ ಎಂದಿನಂತೆ ನಡೀತಿದೆ. ಬಂದವರಿಗೆ, ಇದು 15 ಕೋಟಿ ವರ್ಷದ್ದು ಅಂತ ಹೇಳುವುದೊಂದು ಹೆಚ್ಚಾಗಿದೆ.

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹೊಲ ಕಾಯುವ ಭೈರವ ಅಂತ ಹಳ್ಳಿಯವರು ಪೂಜೆ ಮಾಡುತ್ತಿದ್ದ ಗುಂಡುಕಲ್ಲುಗಳನ್ನು ಡೈನೋಸಾರ್ ಮೊಟ್ಟೆ ಅಂತ ಗುರುತಿಸಿದರು ಎಂದು 2023ರಲ್ಲಿ ಪೇಪರ್‌ಗಳಲ್ಲಿ ಬಂದಿತ್ತು. ಅದನ್ನು ಹಂಚಿಕೊಂಡು ನಕ್ಕವರೇ ಹೆಚ್ಚು. ಕುಂಕುಮ ಇಟ್ಟ ಕಲ್ಲನ್ನು ಯಾರೂ ಜಲ್ಲಿ ಮಾಡಲು ಕಳಿಸುವುದಿಲ್ಲ ಅನ್ನುವುದನ್ನು ನಕ್ಕವರು ಮರೆತರು. ಪೆಟ್ಟಿಗೆಗೆ ಹಾಕಿದ ಮೂಳೆಗಳಿಗೇ ಅಷ್ಟು ಭದ್ರತೆ ಇರಲಿಲ್ಲ. ನಮ್ಮ ದೇಶದ ಮೊದಲ ಡೈನೋಸಾರ್ ಮೂಳೆಗಳು 1828ರಲ್ಲಿ ಜಬಲ್ಪುರದಲ್ಲಿ ಸ್ಲೀಮನ್ ಅನ್ನುವ ಬ್ರಿಟಿಷ್ ಅಧಿಕಾರಿಗೆ ಸಿಕ್ಕವು, ಠಕ್ಕರನ್ನು ಹಿಡಿದ ಸ್ಲೀಮನ್ ಅಂತ ಚರಿತ್ರೆಯಲ್ಲಿ ಓದಿದ್ದೀವಲ್ಲ, ಅವನೇ. ಡೈನೋಸಾರ್ ಅನ್ನುವ ಶಬ್ದ ಹುಟ್ಟಲು ಇನ್ನೂ 14 ವರ್ಷ ಇತ್ತು. ಆ ಮೂಳೆಗಳು ಎಷ್ಟೋ ಕಾಲ ಎಲ್ಲಿವೆ ಅಂತಲೇ ಗೊತ್ತಿರಲಿಲ್ಲ. 2012ರಲ್ಲಿ ಕೊಲ್ಕತ್ತಾದ ಸಂಗ್ರಹದಲ್ಲೇ ಮತ್ತೆ ಸಿಕ್ಕವು. ಹುಡುಕಿದವರಲ್ಲಿ ಒಬ್ಬರು ರಾಹಿಯೋಲಿಗೆ ಹೋಗಿದ್ದ ಅದೇ ಮೊಹಬೆ.

"ನಮ್ಮ ಕಡೆ ಯಾಕೆ ಒಂದೂ ಸಿಕ್ಕಿಲ್ಲ?" ಇದು ನಾನು ಕೇಳಿದ ಪ್ರಶ್ನೆ. ಚುಂಚನಕಟ್ಟೆ ಹತ್ತಿರ ಕಾವೇರಿ ದಂಡೆಯಲ್ಲೋ, ಎಚ್.ಡಿ. ಕೋಟೆ ಕಾಡಲ್ಲೋ ಒಂದು ಕಾಲ್ಮೂಳೆಯಾದರೂ ಇರಬಾರದಾ ಅಂತ ಆಸೆ. ಹುಡುಗಿ ತಲೆ ಅಲ್ಲಾಡಿಸಿದಳು. ನಮ್ಮ ಕಲ್ಲು ಬಹಳ ಹಳೆಯದಂತೆ. ಎಚ್.ಡಿ. ಕೋಟೆ ಪಕ್ಕದ ಸರಗೂರಿನ ಹೆಸರಲ್ಲಿ ಭೂವಿಜ್ಞಾನಿಗಳು ಒಂದು ಶಿಲೆಗಳ ಗುಂಪನ್ನೇ ಕರೀತಾರೆ, ಸರಗೂರು ಗುಂಪು ಅಂತ. 300 ಕೋಟಿ ವರ್ಷಕ್ಕಿಂತ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ 300 ಕೋಟಿಯ ವಾರಿಗೆಯದೇ, ಅಲ್ಲಿ ಫಲಕ ಹಾಕಿದ್ದಾರೆ, ಹೂವಿನ ಪ್ರದರ್ಶನಕ್ಕೆ ಹೋದವರು ಅದರ ಮೇಲೆ ಕೂತು ಚುರುಮುರಿ ತಿಂದು ಬರ್ತೀವಿ. ಈ ಕಲ್ಲುಗಳು ಆಗುವಾಗ ಭೂಮಿ ಮೇಲೆ ಮೂಳೆ ಅನ್ನುವ ವಸ್ತುವೇ ಇರಲಿಲ್ಲ.

ಆ ಕಾಲದ ದೂರ ನನಗೆ ತಲೆಗೆ ಹೋಗಲಿಲ್ಲ. ಆಗ ಹೀಗೆ ಹೇಳಿದಳು. ನಮ್ಮೂರಿಂದ ಮೈಸೂರಿಗೆ ಹೆಚ್ಚುಕಡಿಮೆ 60 ಕಿಲೋಮೀಟರ್. 300 ಕೋಟಿ ವರ್ಷ ಆ ದಾರಿ ಅಂದುಕೋ ಅತ್ತೆ. ಸಾಲಿಗ್ರಾಮದಲ್ಲಿ ಬಸ್ ಹೊರಟಾಗ ನಮ್ಮ ಕಲ್ಲು ಹುಟ್ಟಿತು. ಕೆ.ಆರ್. ನಗರ ದಾಟಿದರೂ ಡೈನೋಸಾರ್ ಇಲ್ಲ. ಮೈಸೂರು ಇನ್ನು ನಾಲ್ಕೂವರೆ ಕಿಲೋಮೀಟರ್ ಅನ್ನುವಾಗ ಮೊದಲ ಡೈನೋಸಾರ್ ಬಸ್ ಹತ್ತುತ್ತೆ. ಇನ್ನು ಒಂದು ಕಾಲು ಕಿಲೋಮೀಟರ್ ಇರುವಾಗ ರಾಜಾಸಾರಸ್ ಮತ್ತೆ ಅದರ ಬಂಧುಗಳೆಲ್ಲ ಇಳಿದುಹೋಗ್ತವೆ. ನಮ್ಮ ಮನುಷ್ಯ ಜಾತಿ ಹತ್ತೋದು ಬಸ್ ಸ್ಟ್ಯಾಂಡ್ ಒಳಗೆ, ಬಸ್ ನಿಲ್ಲೋಕೆ ಆರು ಮೀಟರ್ ಇದ್ದಾಗ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದ ನಾನು ಇಷ್ಟು ಚೆನ್ನಾಗಿ ಯಾವತ್ತೂ ಪಾಠ ಮಾಡಿರಲಿಲ್ಲ.

ಕರ್ನಾಟಕಕ್ಕೂ ರಾಜಾಸಾರಸ್‌ಗೂ ಏನೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಅದು ಇದ್ದ ಕಾಲಕ್ಕೇ ದಖ್ಖನ್‌ನಲ್ಲಿ ಭೂಮಿ ಬಾಯಿಬಿಟ್ಟು ಲಾವಾ ಹರಿಯಿತು. ರಾಹಿಯೋಲಿಯ ಮೂಳೆಗಳ ಪದರಕ್ಕೆ ಮೇಲಿನ ಹೊದಿಕೆ ಆ ಲಾವಾದ್ದೇ. ಅದೇ ಲಾವಾ ಪದರಗಳು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೂ ಇವೆ. ಗೋಳಗುಮ್ಮಟ ಕಟ್ಟಿರುವ ಕಪ್ಪು ಕಲ್ಲು ಅದು. ಅದು ಸವೆದು ಪುಡಿಯಾಗಿ ಆದದ್ದೇ ಆ ಕಡೆಯ ಎರೆಮಣ್ಣು. ಬಿಳಿಜೋಳದ ರೊಟ್ಟಿ ತಟ್ಟುವಾಗ ಒಮ್ಮೆ ನೆನೆಸಿಕೊಳ್ಳಿ, ಆ ಜೋಳ ಬೆಳೆದದ್ದು ಡೈನೋಸಾರ್‌ಗಳು ನೋಡಿದ ಬೆಂಕಿಯಲ್ಲಿ.

ಈಗ ನನ್ನ ಮಮತೆಯ ವಿಷಯ. ಹುಡುಗಿ ಸೆಕೆಂಡ್ ಪಿಯುಸಿ ಮುಗಿಸಿದಳು. ಮಾರ್ಕ್ಸ್ ಚೆನ್ನಾಗಿದೆ. ಸಿಇಟಿ ಬರೆದಿದ್ದಾಳೆ. ಕಂಪ್ಯೂಟರ್ ಸೈನ್ಸ್ ಸಿಗಬಹುದು ಅಂತ ತಮ್ಮ ಆಗಲೇ ಸಾಲದ ವಿಚಾರಕ್ಕೆ ಬ್ಯಾಂಕಿಗೆ ಹೋಗಿಬಂದಿದ್ದ. ಇವಳು ಮೈಸೂರಿನಲ್ಲಿ ಬಿ.ಎಸ್ಸಿ. ಸೇರ್ತೀನಿ, ಭೂವಿಜ್ಞಾನ ತಗೋತೀನಿ, ಆಮೇಲೆ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡ್ತೀನಿ ಅಂತ ಕೂತಿದ್ದಾಳೆ. "ಕಲ್ಲು ಒಡೆಯೋಕೆ ಡಿಗ್ರಿ ಬೇಕಾ?" ಅಂತ ತಮ್ಮ. "ಹೆಣ್ಣುಹುಡುಗಿ ಸುತ್ತಿಗೆ ಹಿಡಿದು ಗುಡ್ಡ ಸುತ್ತಿದ್ರೆ ಯಾರಮ್ಮ ಹೆಣ್ಣು ಕೇಳ್ತಾರೆ" ಅಂತ ಅವರಮ್ಮ. ಊಟಕ್ಕೆ ಕೂತರೆ ಮಾತಿಲ್ಲ. ಒಂದು ದಿನ ಇಬ್ಬರೂ ಬಂದು, "ಅಕ್ಕ, ನಿನ್ನ ಮಾತು ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳು" ಅಂದರು.

ಬುದ್ಧಿ ಹೇಳುವ ಮೊದಲು ವಿಚಾರಿಸೋಣ ಅಂತ ವಿಚಾರಿಸಿದೆ. ಕೆಲಸ ಇಲ್ಲದ ಓದು ಇದು ಅನ್ನುವುದು ಸುಳ್ಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಅಂತಲೇ ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ಆಯ್ಕೆಯಾದವರು ಆ ಸರ್ವೇಕ್ಷಣೆ ಇಲಾಖೆಗೇ ಹೋಗುತ್ತಾರೆ, ಕೇಂದ್ರದ ಅಂತರ್ಜಲ ಮಂಡಳಿಗೂ ಹೋಗುತ್ತಾರೆ. ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ, ಅದರ ಮೂಲ 1894ರಲ್ಲಿ ಮೈಸೂರು ಅರಸರ ಸರ್ಕಾರ ಶುರು ಮಾಡಿದ ಇಲಾಖೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅಂತ ತೆಂಗಿನಕಾಯಿ ಹಿಡಿದು ನಡೆಯುವವರಿಗೆ ದುಡ್ಡು ಕೊಡುವ ನಮ್ಮ ಸೀಮೆಯಲ್ಲಿ, ಕಲ್ಲು ಓದಲು ಬರುವವರಿಗೆ ಕೆಲಸ ಇಲ್ಲ ಅಂದರೆ ನಂಬೋಕಾಗುತ್ತಾ? ಸುಲಭ ಅಂತ ಹೇಳುತ್ತಿಲ್ಲ. ಐದು ವರ್ಷ ಓದಬೇಕು, ಪರೀಕ್ಷೆ ಕಷ್ಟ, ಹುದ್ದೆ ಕಡಿಮೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಹುಡುಕುವುದೂ ಈಗ ಸುಲಭವಲ್ಲ. ನಮ್ಮ ಬೀದಿಯಲ್ಲೇ ಇಬ್ಬರು ಹುಡುಗರಿದ್ದಾರೆ.

ಗುಡ್ಡ ಸುತ್ತುವ ವಿಷಯಕ್ಕೆ ಅವರಮ್ಮನಿಗೆ ಒಂದು ಲೇಖನ ತೋರಿಸಿದೆ. 2023ರ ಜನವರಿಯಲ್ಲಿ ಪ್ರಕಟವಾದದ್ದು. ಧಾರ್ ಜಿಲ್ಲೆಯ ಹಳ್ಳಿಗಳಲ್ಲಿ 92 ಡೈನೋಸಾರ್ ಗೂಡು, ಅವುಗಳಲ್ಲಿ 256 ಮೊಟ್ಟೆ ಎಣಿಸಿ ಬರೆದ ಸಂಶೋಧನೆ. ಅದರಲ್ಲಿ ಮೊದಲ ಹೆಸರು ಹರ್ಷಾ ಧೀಮಾನ್ ಅವರದ್ದು, ದೆಹಲಿ ವಿಶ್ವವಿದ್ಯಾಲಯದ ಹೆಣ್ಣುಮಗಳು. 256 ಮೊಟ್ಟೆಯನ್ನು ಮನೆಯಲ್ಲಿ ಕೂತು ಎಣಿಸಲಿಲ್ಲ. ನಮ್ಮ ತಮ್ಮನ ಹೆಂಡತಿ ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಬಿಸಿಲಲ್ಲಿ ಕಪ್ಪಾಗಲ್ವಾ?" ಅಂದಳು. ಅವಳೂ ಗದ್ದೆ ನಾಟಿಗೆ ಇಳಿದವಳೇ. ನಾನು ಏನೂ ಹೇಳಲಿಲ್ಲ, ಅವಳೇ ನಕ್ಕಳು.

ತಮ್ಮ ಅಷ್ಟು ಬೇಗ ಬಗ್ಗುವವನಲ್ಲ. ನಾನು ಪ್ರಿಂಟ್ ತೆಗೆಸಿಕೊಟ್ಟ ಹಾಳೆಗಳನ್ನು ಒಂದು ವಾರ ಟಿ.ವಿ. ಮೇಲೆ ಇಟ್ಟಿದ್ದ. ಮೊನ್ನೆ ರಾತ್ರಿ ಗದ್ದೆಗೆ ನೀರು ಕಟ್ಟಿ ಬಂದವನು ಅವನ್ನು ತೆಗೆದುಕೊಂಡು ಜಗುಲಿ ದೀಪದ ಕೆಳಗೆ ಕೂತ. ಶ್ರೀವಾಸ್ತವರ ನಕ್ಷೆಯ ವಿಷಯ ಇರುವ ಹಾಳೆಯನ್ನು ಎರಡು ಸಲ ಓದಿದ ಅಂತ ಕಾಣುತ್ತೆ. ಆಮೇಲೆ ಮಗಳನ್ನು ಕರೆದು, ತಿಂಗಳಿಂದ ಆಡದೇ ಇದ್ದ ಮಾತು ಆಡಿದ.

"ಅಲ್ಲ, ಆ ಮೂತಿ ಇನ್ನೂ ಸಿಕ್ಕೇ ಇಲ್ವಾ?"

"ಇಲ್ಲಪ್ಪ."

"ಸೊಂಟ ಅಲ್ಲಿ, ಬುರುಡೆ ಅಲ್ಲಿ ಅಂದಮೇಲೆ ಅಲ್ಲೇ ಎಲ್ಲೋ ಸುತ್ತಮುತ್ತ ಇರಬೇಕಲ್ಲ. ಸರಿಯಾಗಿ ಹುಡುಕಿದಾರಾ ಅವರು?"

ಅರ್ಜಿ ಹಾಕಲು ಇನ್ನೂ ಹತ್ತು ದಿನ ಇದೆ.